ಇನ್ಸುಲಿನ್ ಸಾಕಷ್ಟಿದ್ದರೂ ಕೊಬ್ಬಿನ ಕೋಶ ಅದರ ಮಾತು ಕೇಳದಿರುವುದು ಯಾಕೆ?

ರಿಪೋರ್ಟ್‌ನಲ್ಲಿ ಇನ್ಸುಲಿನ್ ಜಾಸ್ತಿಯೇ ಇದೆ, ಆದರೂ ಶುಗರ್ ಇಳಿಯುತ್ತಿಲ್ಲ, ಕೊಬ್ಬಿನ ಜೀವಕೋಶದಲ್ಲಿ ಏನು ಕೆಟ್ಟಿರುತ್ತದೆ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನಲ್ಲಿ ಕೊಬ್ಬಿನ ಕೋಶ ಬೆಳೆಸುವವಳು. ಹಾಗಾಗಿ ಔಷಧಿಯ ತಂಟೆಗೆ ಹೋಗಲ್ಲ.

ಇನ್ಸುಲಿನ್ ತಾನೇ ಗ್ಲುಕೋಸನ್ನು ಒಳಗೆ ತಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಅದು ಕೋಶದ ಹೊರಗಡೆ ರಿಸೆಪ್ಟರ್‌ಗೆ (ಸಂದೇಶ ಹಿಡಿಯುವ ಪ್ರೋಟೀನ್) ಅಂಟಿಕೊಳ್ಳುತ್ತದೆ. ಮುಂದಿನದೆಲ್ಲ ಒಳಗಿನ ಪ್ರೋಟೀನ್‌ಗಳ ಕೆಲಸ. ರಿಸೆಪ್ಟರ್, ಐಆರ್‌ಎಸ್-1 ಅನ್ನುವ ಪ್ರೋಟೀನ್‌ನ ಟೈರೋಸಿನ್ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲೊಂದು) ಜಾಗಗಳಿಗೆ ಫಾಸ್ಫೇಟ್ ಅನ್ನುವ ಚಿಕ್ಕ ರಾಸಾಯನಿಕ ಗುಂಪನ್ನು ಹಚ್ಚುತ್ತದೆ. ಅಲ್ಲಿಗೆ ಪಿಐ3 ಕೈನೇಸ್ (ಕೈನೇಸ್ ಅಂದರೆ ಫಾಸ್ಫೇಟ್ ಹಚ್ಚುವ ಎಂಜೈಮ್) ಬಂದು ಕೂರುತ್ತದೆ, ಅದರಿಂದ ಎಕೆಟಿ ಅನ್ನುವ ಇನ್ನೊಂದು ಕೈನೇಸ್ ಚುರುಕಾಗುತ್ತದೆ. ಎಕೆಟಿ ಹೋಗಿ ಎಎಸ್160 ಅನ್ನುವ ತಡೆಯನ್ನು ಸಡಿಲ ಮಾಡುತ್ತದೆ. ಆಗ ಒಳಗಿನ ಗುಳ್ಳೆಗಳಲ್ಲಿ ಸುಮ್ನೆ ಇದ್ದ ಗ್ಲುಟ್4 ಅನ್ನುವ, ಸಕ್ಕರೆ ಸಾಗಿಸುವ ಪ್ರೋಟೀನ್ ಮೇಲ್ಪೊರೆಗೆ ಬರುತ್ತದೆ, ಗ್ಲುಕೋಸ್ ಒಳಗೆ ಬರುತ್ತದೆ. ಸಕ್ಕರೆ ಸಾಗಿಸುವ ಪ್ರೋಟೀನ್ ಹೀಗೆ ಒಳಗಿಂದ ಮೇಲಕ್ಕೆ ಬರುತ್ತದೆ ಅಂತ 1980ರಲ್ಲಿ ತೋರಿಸಿದ್ದು ಇಲಿಯ ಕೊಬ್ಬಿನ ಕೋಶಗಳಲ್ಲೇ. ಗ್ಲುಟ್4 ಅನ್ನುವ ಹೆಸರು ಆಮೇಲೆ ಬಂತು.

ಎಡವಟ್ಟಾಗಬಹುದಾದ ಜಾಗಗಳಲ್ಲಿ ಐಆರ್‌ಎಸ್-1 ಒಂದು. ಫಾಸ್ಫೇಟ್ ಟೈರೋಸಿನ್ ಮೇಲೆ ಕೂತರೆ ಸಂದೇಶ ಮುಂದೆ ಹೋಗುತ್ತದೆ. ಸೆರೀನ್ ಅನ್ನುವ ಇನ್ನೊಂದು ಅಮೈನೋ ಆಮ್ಲದ ಕೆಲವು ಜಾಗಗಳ ಮೇಲೆ ಕೂತರೆ ಅದೇ ಸಂದೇಶ ಮಂಕಾಗುತ್ತದೆ. ಬೊಜ್ಜು ಬಂದಾಗ ಕೊಬ್ಬಿನ ನಡುವೆ ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಕೋಶಗಳು ಬಂದು ಸೇರಿಕೊಂಡು ಟಿಎನ್‌ಎಫ್-ಆಲ್ಫಾ ಅನ್ನುವ ಉರಿಯೂತದ ಪ್ರೋಟೀನ್ ಬಿಡುತ್ತವೆ. ಅದು ಜೆಎನ್‌ಕೆ ಅನ್ನುವ ಕೈನೇಸನ್ನು ಎಬ್ಬಿಸುತ್ತದೆ. ಸೆರೀನ್ ಮೇಲೆ ಫಾಸ್ಫೇಟ್ ಹಾಕುವವರಲ್ಲಿ ಇದೂ ಒಬ್ಬ.

ಇದನ್ನು ಕಣ್ಣಾರೆ ನೋಡಬಹುದು. 3ಟಿ3-ಎಲ್1 ಅನ್ನುವ ಇಲಿ ಕೋಶಗಳು ಮೊದಲು ಚಪ್ಪಟೆಯಾಗಿ, ಉದ್ದುದ್ದಕ್ಕಿರುತ್ತವೆ. ಹಾರ್ಮೋನ್ ಮಿಶ್ರಣ ಕೊಟ್ಟು ವಾರದ ಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಳಗೆಲ್ಲ ಹೊಳೆಯುವ ಎಣ್ಣೆ ಹನಿಗಳು! ಇವಕ್ಕೆ ಸ್ವಲ್ಪ ಹೊತ್ತು ಇನ್ಸುಲಿನ್ ಕೊಟ್ಟು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬೇರ್ಪಡಿಸಿ ಬೇಕಾದದ್ದನ್ನು ಗುರುತಿಸುವ ವಿಧಾನ) ಮಾಡಿದರೆ, ಫಾಸ್ಫೇಟ್ ಹತ್ತಿದ, ಅಂದರೆ ಚುರುಕಾದ ಎಕೆಟಿ 60 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ದಟ್ಟ ಗೆರೆಯಾಗಿ ಕಾಣುತ್ತದೆ. ಮೊದಲೇ ದಿನಗಟ್ಟಲೆ ಟಿಎನ್‌ಎಫ್-ಆಲ್ಫಾದಲ್ಲಿ ಇಟ್ಟ ಕೋಶಗಳಲ್ಲಿ ಆ ಗೆರೆ ತೆಳು. ಇನ್ಸುಲಿನ್ ಎರಡಕ್ಕೂ ಅಷ್ಟೇ ಹಾಕಿರುತ್ತೇವೆ, ಅಲ್ವಾ?

ಆದರೆ ಬರೀ ಸಕ್ಕರೆ ಹಿಂದೆ ಬೀಳಬೇಡಿ. ಗ್ಲುಕೋಸ್ ಹೀರುವುದರಲ್ಲಿ ಸ್ನಾಯುವಿನ ಪಾಲೇ ದೊಡ್ಡದು, ಕೊಬ್ಬಿನದು ಚಿಕ್ಕದು. ನನ್ನ ಲೆಕ್ಕದಲ್ಲಿ ಕೊಬ್ಬಿನ ಕೋಶದಲ್ಲಿ ಇನ್ಸುಲಿನ್‌ನ ಮುಖ್ಯ ಕೆಲಸ ಕೊಬ್ಬನ್ನು ಹೊರಗೆ ಬಿಡದಂತೆ ಹಿಡಿದಿಡುವುದು. ಪಿಡಿಇ3ಬಿ ಅನ್ನುವ ಎಂಜೈಮ್ ಚುರುಕಾಗಿ ಕೊಬ್ಬು ಒಡೆಯಲು ಸಂದೇಶ ಕೊಡುವ ಸೈಕ್ಲಿಕ್ ಎಎಂಪಿ ಅನ್ನುವ ಅಣು ಇಳಿಯುತ್ತದೆ, ಕೊಬ್ಬು ಒಡೆಯುವ ಲೈಪೇಸ್ ತಣ್ಣಗಾಗುತ್ತದೆ. ಈ ಹಿಡಿತ ತಪ್ಪಿದರೆ ಕೊಬ್ಬಿನಾಮ್ಲ ರಕ್ತಕ್ಕೆ ಸೋರಿ ಲಿವರ್, ಸ್ನಾಯುಗಳಲ್ಲೂ ಇನ್ಸುಲಿನ್ ಕೆಲಸ ಕೆಡುತ್ತದೆ. ಶುಗರ್ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ನಿಮ್ಮಲ್ಲಿ ಯಾವ ಪ್ರೋಟೀನ್ ಹತ್ತಿರ ಅಡ್ಡಿಯಾಗಿದೆ ಅಂತ ಆ ರಿಪೋರ್ಟ್ ಹೇಳಲ್ಲ. ಅದನ್ನು ನೋಡಲು ಕೊಬ್ಬಿನ ತುಣುಕೇ ಬೇಕು. ಅದನ್ನು ಸಂಶೋಧನೆಗೆ ಮಾಡುತ್ತಾರೆ, ಮಾಮೂಲಿ ಚೆಕಪ್‌ನಲ್ಲಿ ಮಾಡಲ್ಲ.