ಹೋಮ್‌ಸ್ಟೇ ಫೈರ್‌ವಾಲ್‌ನ ಒಂದೇ ಪೋರ್ಟಿನಲ್ಲಿ ಕ್ಯಾಮೆರಾಗಳಿಗೂ ಅತಿಥಿಗಳ ವೈಫೈಗೂ ಬೇರೆ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಕೊಡಬಹುದೇ?

ಕೊಡಬಹುದು. ಪೋರ್ಟಿನಲ್ಲಿ ಈಗಿರುವ 192.168.10.1/24 ಜೊತೆಗೆ 192.168.20.1/24 ಅನ್ನು ಸೆಕೆಂಡರಿ ಐಪಿ ಆಗಿ ಸೇರಿಸಿ. ಕೆಲವು ಫೈರ್‌ವಾಲ್‌ಗಳಲ್ಲಿ ಇದಕ್ಕೆ ಐಪಿ ಅಲಿಯಾಸ್ ಎನ್ನುತ್ತಾರೆ. ಗೇಟ್‌ವೇ, ಅಂದರೆ ಹೊರಜಾಲಕ್ಕೆ ದಾರಿ ಕೊಡುವ ವಿಳಾಸ, ತನ್ನದೇ ಸಬ್‌ನೆಟ್ಟಿನಲ್ಲಿದ್ದರಷ್ಟೇ ಸಾಧನ ಅದಕ್ಕೆ ನೇರವಾಗಿ ಪ್ಯಾಕೆಟ್ ಒಪ್ಪಿಸುತ್ತದೆ. ಹಾಗಾಗಿ ಪ್ರತಿ ಸಬ್‌ನೆಟ್ಟಿಗೂ ಫೈರ್‌ವಾಲಿನದೊಂದು ವಿಳಾಸ ಬೇಕು.

ಇಷ್ಟಾದರೂ ಎರಡನೆಯದಕ್ಕೆ ಇಂಟರ್ನೆಟ್ ಬಾರದಿದ್ದರೆ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ಮತ್ತು ಅನುಮತಿ ನಿಯಮಗಳನ್ನು ನೋಡಿ, ಅಲ್ಲಿ 192.168.20.0/24 ಬಿಟ್ಟುಹೋಗಿರಬಹುದು. ಡಿಎಚ್‌ಸಿಪಿ (ತಾನಾಗಿಯೇ ವಿಳಾಸ ಕೊಡುವ ಸೇವೆ) ಸಾಮಾನ್ಯವಾಗಿ ಮೊದಲ ಸಬ್‌ನೆಟ್ಟಿಗಷ್ಟೇ ವಿಳಾಸ ಹಂಚುತ್ತದೆ. ಎರಡನೆಯದರಲ್ಲಿರುವ ಕ್ಯಾಮೆರಾಗಳಿಗೆ ಕೈಯಾರೆ ಕೊಡಿ.

ಆದರೆ ತೀರ್ಥಹಳ್ಳಿಯ ನಿಮ್ಮ ಹೋಮ್‌ಸ್ಟೇಗೆ ಇದನ್ನು ನಾನು ಸೂಚಿಸುವುದಿಲ್ಲ. ವಿಳಾಸ ಎರಡಾದರೂ ಜಾಲ ಒಂದೇ. ಅತಿಥಿಯೊಬ್ಬರು ಲ್ಯಾಪ್‌ಟಾಪಿಗೆ 192.168.20.50 ಹಾಕಿಕೊಂಡರೆ ಸಾಕು, ಫೈರ್‌ವಾಲ್ ದಾಟದೆಯೇ ಕ್ಯಾಮೆರಾ ತಲುಪುತ್ತಾರೆ. ನಿಜವಾಗಿ ಬೇರ್ಪಡಬೇಕಿದ್ದರೆ ವಿಲ್ಯಾನ್ ಬೇಕು, ಅಂದರೆ ಒಂದೇ ಕೇಬಲ್‌ನಲ್ಲಿ ಪ್ಯಾಕೆಟ್ಟಿಗೆ ಸಂಖ್ಯೆ ಹಚ್ಚಿ ಜಾಲ ಒಡೆಯುವುದು. ಸೆಕೆಂಡರಿ ಐಪಿ ತೆಗೆದು, ಅದೇ ಪೋರ್ಟಿನಲ್ಲಿ ವಿಲ್ಯಾನ್ 10 ಮತ್ತು 20 ಮಾಡಿ, ಒಂದೊಂದಕ್ಕೆ ಒಂದೊಂದು ವಿಳಾಸ ಕೊಡಿ. ಮ್ಯಾನೇಜ್ಡ್ ಸ್ವಿಚ್, ಅಂದರೆ ವಿಲ್ಯಾನ್ ಹೊಂದಿಸಬಲ್ಲ ಸ್ವಿಚ್, ಬೇಕೇ ಬೇಕು. ಅದರಲ್ಲಿ ಫೈರ್‌ವಾಲ್ ಕಡೆಯ ಪೋರ್ಟಿಗೆ ಎರಡೂ ಟ್ಯಾಗ್ಡ್ (ಸಂಖ್ಯೆ ಸಮೇತ), ಕ್ಯಾಮೆರಾ ಪೋರ್ಟುಗಳಿಗೆ 20 ಅನ್‌ಟ್ಯಾಗ್ಡ್ (ಸಂಖ್ಯೆ ಇಲ್ಲದೆ), ವೈಫೈ ಪೋರ್ಟಿಗೆ 10 ಅನ್‌ಟ್ಯಾಗ್ಡ್. ಕೊನೆಗೆ ಫೈರ್‌ವಾಲಿನಲ್ಲಿ 10ರಿಂದ 20ಕ್ಕೆ ಹೋಗುವ ದಾರಿ ಮುಚ್ಚಿ.