ಪ್ರತಿಕ್ರಿಯೆ: ಕ್ಲಬ್ ಬದಲಿಸುವ ಡಿಫೆಂಡರ್‌ಗೆ ಬೆಲೆ ಇದೆಯಾ?

ಸರ್, ನಿಮ್ಮ ತಂಗಿ ಮಗ ಬಳ್ಳಾರಿಯಲ್ಲಿ ಫುಟ್‌ಬಾಲ್ ಆಡುತ್ತಾನೆ, ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯೋ ಸಾಲಲ್ಲಿ, ಮುಂದೆ ವರ್ಷಕ್ಕೊಂದು ಕ್ಲಬ್ ಅಂತ ಅಲೆದರೆ ಜೀವನ ಹೇಗೆ ಅಂತ ಕೇಳಿದ್ದೀರಿ. ಅಲೆಯೋದು ಈ ಕೆಲಸದಲ್ಲಿ ಮಾಮೂಲಿ.

ಭಾರತದ ಡಿಫೆಂಡರ್ ರಾಹುಲ್ ಭೇಕೆ ಅವರನ್ನೇ ನೋಡಿ. ಮುಂಬೈ ಎಫ್‌ಸಿ, ಈಸ್ಟ್ ಬೆಂಗಾಲ್, ಕೇರಳ ಬ್ಲಾಸ್ಟರ್ಸ್, ಪುಣೆ ಸಿಟಿ ಎಲ್ಲಾ ಸುತ್ತಿ 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋವಾ ವಿರುದ್ಧ 90 ನಿಮಿಷದಲ್ಲಿ ಗೋಲೇ ಇಲ್ಲ. ಹೆಚ್ಚುವರಿ ಆಟದ ಕೊನೆಯಲ್ಲಿ, 117ನೇ ನಿಮಿಷ, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಕಪ್ ಗೆಲ್ಲಿಸಿದ್ದು ಇದೇ ಡಿಫೆಂಡರ್! ಆಮೇಲೆ ಮುಂಬೈ ಸಿಟಿ, 2024ರಲ್ಲಿ ಮತ್ತೆ ಬೆಂಗಳೂರು. ಇಂಥವರನ್ನು ಅಲೆಮಾರಿ ಅಂದರೆ ನಾನಂತೂ ಒಪ್ಪಲ್ಲ.

ಕ್ಲಬ್ ಬದಲಾಗೋದು ಆಟ ಕೆಟ್ಟಿದ್ದಕ್ಕೇ ಅಲ್ಲ. ಒಪ್ಪಂದ ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಹೊಸ ಕೋಚ್ ಬಂದು ನಾಲ್ವರ ಬದಲು ಮೂವರನ್ನು ಹಿಂದೆ ನಿಲ್ಲಿಸಿದರೆ ಒಬ್ಬ ಬೆಂಚಿಗೆ. ಅದಕ್ಕೇ ರೈಟ್ ಬ್ಯಾಕ್ (ಹಿಂದಿನ ಸಾಲಿನ ಬಲಬದಿ) ಜೊತೆಗೆ ಸೆಂಟರ್ ಬ್ಯಾಕ್ (ನಡುವಿನ ಜಾಗ) ಕೂಡ ಆಡಬಲ್ಲವನಿಗೆ ಕೆಲಸ ಬೇಗ ಸಿಗುತ್ತದೆ. ಭೇಕೆ ಎರಡೂ ಆಡುತ್ತಾರೆ.

ಹುಡುಗನಿಗೆ ಎಡಗಾಲಲ್ಲೂ ಪಾಸ್ ಕೊಡೋದು ರೂಢಿ ಮಾಡಿಸಿ. ಆಟದ ಮಧ್ಯೆ ಜೊತೆಗಾರರಿಗೆ ಕೂಗಿ ಹೇಳೋದೂ ಬರಬೇಕು, ನಮ್ಮ ಹುಡುಗರು ಅಲ್ಲಿ ನಾಚಿಕೊಳ್ಳೋದು ಜಾಸ್ತಿ. ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ನಿಮ್ಮ ಜಿಲ್ಲೆಯಲ್ಲೇ ಇದೆ, ಫುಟ್‌ಬಾಲ್ ಆಯ್ಕೆ ಇದೆಯಾ ಅಂತ ಅಲ್ಲೇ ಹೋಗಿ ವಿಚಾರಿಸಿ. ಓದು ಮಾತ್ರ ಬಿಡಿಸಬೇಡಿ. ಮಂಡಿ ಪೆಟ್ಟಾದರೆ ಒಂದು ಸೀಸನ್ ಪೂರ್ತಿ ಹೋಗಬಹುದು.