ಮುಳುಗಡೆಯ ಊರಿಗೆ ಬಸ್ಸು ಬಿಟ್ಟ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಒಂಬತ್ತನೇ ತರಗತಿಯ ಹುಡುಗನನ್ನು ತಂದೆ ತಾಯಿ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು, ಇವನಿಗೆ ಪಾಠದಲ್ಲಿ ಗಮನವಿಲ್ಲ, ಮನಸ್ಸು ಎಲ್ಲೋ ಇರುತ್ತದೆ ಎಂಬ ಶಾಲೆಯ ದೂರಿನಿಂದಾಗಿ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವನು ಶರಾವತಿ ಹಿನ್ನೀರಿನ ತಳದಲ್ಲಿ ಒಂದು ಊರು ಕಟ್ಟಿದ್ದ. ಆ ಊರಿಗೆ ಬಸ್ಸಿತ್ತು, ವೇಳಾಪಟ್ಟಿಯಿತ್ತು. ಮಳೆಗಾಲದಲ್ಲಿ ಮೇಲಿನ ಕೇರಿಯ ಬಸ್ಸು ಅರ್ಧ ಗಂಟೆ ತಡ ಎಂಬ ಸೂಚನೆಯೂ ಇತ್ತು. ಅಂಕ ಕಡಿಮೆ ಬಂದ ದಿನ ತಂದೆ ಆ ಹಾಳೆಗಳನ್ನು ಹರಿದುಹಾಕಿದ್ದರು. ಅಂದಿನಿಂದ ಹುಡುಗ ಊಟಕ್ಕೆ ಕುಳಿತರೂ ಮಾತಾಡುತ್ತಿರಲಿಲ್ಲ.

1964ರಲ್ಲಿ ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ ಹಳ್ಳಿಗಳಲ್ಲಿ ಅವನ ಅಜ್ಜಿಯ ಊರೂ ಸೇರಿತ್ತು. ನೀರು ತೀರಾ ಇಳಿದ ಒಂದು ಬೇಸಿಗೆಯಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ್ದ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಂಡದ್ದನ್ನು ಅವನು ನೋಡಿ ಬಂದಿದ್ದ. "ಅಣೆಕಟ್ಟೇ ಎದ್ದು ಬರುತ್ತೆ ಅಂದ್ಮೇಲೆ ಊರು ಯಾಕೆ ಬರಬಾರದು ಮೇಡಂ?" ಎಂದು ಕೇಳಿದ.

ಇದು ಕಾಯಿಲೆಯೋ ಕಲ್ಪನೆಯೋ ಎಂಬುದನ್ನು ಊಹೆಯಿಂದ ತೀರ್ಮಾನಿಸುವಂತಿಲ್ಲ. ಅವನ ನಿದ್ದೆ, ಊಟ, ಗೆಳೆತನ, ಭಯಗಳ ಬಗ್ಗೆ ವಿಚಾರಿಸಿದೆ. ಆ ಊರು ತಾನೇ ಕಟ್ಟಿದ್ದು, ಬೇಕೆಂದಾಗ ಬಿಟ್ಟು ಬರಬಲ್ಲೆ ಎಂದು ಅವನು ಸ್ಪಷ್ಟವಾಗಿ ಹೇಳಿದ್ದು ನನಗೆ ಮುಖ್ಯವಾಗಿ ಕಂಡಿತು. ಎರಡು ಗಂಟೆ ಕದಲದೆ ಚಿತ್ರ ಬರೆಯುತ್ತಾನೆ ಎಂದಮಾತ್ರಕ್ಕೆ, ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ ಇಲ್ಲವೆನ್ನಲಾಗದು. ಇಷ್ಟವಾದ ಕೆಲಸದಲ್ಲಿ ಆ ಮಕ್ಕಳೂ ಮುಳುಗಿಹೋಗುತ್ತಾರೆ. ಆದ್ದರಿಂದ ಮಕ್ಕಳ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಎಡಿಎಚ್‌ಡಿಯಾಗಲಿ ಕಲಿಕಾ ನ್ಯೂನತೆಯಾಗಲಿ ಇಲ್ಲವೆಂದು ವರದಿ ಬಂತು. ಗಣಿತದಲ್ಲಿ ಅನುಪಾತದ ಪಾಠದಿಂದಾಚೆಗೆ ಅವನಿಗೆ ಬುನಾದಿಯೇ ತಪ್ಪಿತ್ತು; ಅದಕ್ಕೆ ಬೇಕಾದದ್ದು ಮನೆಪಾಠ.

ತಾಯಿ ಆಸೆಯಿಂದ ಗಣಿತಜ್ಞ ರಾಮಾನುಜನ್ ಅವರ ಹೆಸರೆತ್ತಿದರು. ಕುಂಭಕೋಣದ ಕಾಲೇಜಿನಲ್ಲಿ ಬೇರೆ ವಿಷಯಗಳಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡವರು 1918ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿಯ ಫೆಲೋ ಆದದ್ದು ನಿಜ. ಆದರೂ ಈ ಉದಾಹರಣೆಯನ್ನು ಮಗನ ಮುಂದೆ ಹೇಳಬೇಡಿ ಎಂದೆ. ಮುಂದೆ ದೊಡ್ಡವನಾಗುತ್ತಾನೆಂಬ ಷರತ್ತಿನ ಮೇಲೆ ಮಾತ್ರ ಕಲ್ಪನೆಗೆ ಬೆಲೆ ಕೊಟ್ಟರೆ ಅದೂ ಮಗುವಿಗೆ ಇನ್ನೊಂದು ಪರೀಕ್ಷೆಯಾಗುತ್ತದೆ. ಅರವತ್ತು ವರ್ಷಗಳಿಂದ ಮನೆಯಲ್ಲಿ ಯಾರೂ ಬಾಯಿಬಿಡದ ನಷ್ಟವೊಂದಕ್ಕೆ ಈ ಹುಡುಗ ಬೀದಿ, ಬಾವಿ, ಬಸ್‌ನಿಲ್ದಾಣ ಕೊಟ್ಟಿದ್ದಾನೆ. ಕಳೆದುಹೋದದ್ದನ್ನು ಹೀಗೆ ಮರಳಿ ಕಾಣಿಸುವವರು ಒಂದು ಸಮಾಜಕ್ಕೆ ಬೇಕೇ ಬೇಕು ಎಂದು ನಾನು ನಂಬುತ್ತೇನೆ. ಆಗ ತಂದೆ ತಡವರಿಸುತ್ತ, "ಅಮ್ಮ ಅಳೋದು ನೋಡಿ ನೋಡಿ ಆ ಊರಿನ ಸುದ್ದೀನೇ ಬೇಡ ಅನ್ಸಿತ್ತು. ಇವನಿಗೊಂದು ಸರ್ಕಾರಿ ನೌಕರಿ ಆದ್ರೆ ಸಾಕಿತ್ತು" ಎಂದರು.

ಹಾಳೆ ಹರಿದದ್ದು ತಪ್ಪಾಯಿತೆಂದು ಮಗನಿಗೆ ನೇರವಾಗಿ ಹೇಳಬೇಕೆಂದು ಅವರಿಗೆ ಸೂಚಿಸಿದೆ. ಆ ಊರಿಗೆ ಬೇರೆ ಪುಸ್ತಕ ಕೊಡಿಸಿ, ದಿನಕ್ಕೊಂದು ಗಂಟೆ ಬಿಡಬೇಕು. ಅಂಕ ಬಂದರೆ ಕೊಡುವ, ಬಾರದಿದ್ದರೆ ಕಸಿಯುವ ವಸ್ತು ಅದಾಗಬಾರದು. ಬರಿದೇ ಹೊಗಳುವ ಬದಲು, ಆ ಬಸ್ಸು ಎಲ್ಲಿ ತಿರುಗುತ್ತದೆ ಎಂದು ಕೇಳಿದರೆ ಸಾಕು. ಅನುಪಾತವನ್ನು ಅವನದೇ ನಕ್ಷೆಯ ಅಳತೆಯಿಂದ ಕಲಿಸುವಂತೆ ಮನೆಪಾಠದವರಿಗೆ ತಿಳಿಸಿದೆ. ನಿದ್ದೆಗೆಟ್ಟರೆ, ಗೆಳೆಯರನ್ನು ಪೂರ್ತಿ ಬಿಟ್ಟರೆ, ಬೇಕೆಂದರೂ ಆ ಲೋಕದಿಂದ ಹೊರಬರಲಾಗದಿದ್ದರೆ ತಡಮಾಡದೆ ಬರಬೇಕು. ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು ಎಂದೂ ಹೇಳಿದೆ.

ನಾಲ್ಕನೆಯ ಭೇಟಿಗೆ ಅಜ್ಜಿಯೂ ಬಂದಿದ್ದರು. ಹೊಸ ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬಾವಿ ದೇವಸ್ಥಾನದ ಎದುರಿಗಲ್ಲ, ಬಲಗಡೆಗೆ ಎಂದರು. ಹುಡುಗ ರಬ್ಬರ್ ತೆಗೆದು ಬಾವಿ ಅಳಿಸಿದ. ಅದಕ್ಕೆ ಎಷ್ಟು ಮೆಟ್ಟಿಲಿತ್ತು ಎಂದು ಕೇಳಿದವರು ಅವನ ತಂದೆ.